ಹನಿ ಬೀಳದ ಸೋರಿಕೆ

ಉಗಾರ ಖುರ್ದದಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗ್ಯಾರೇಜಿನವರಿಗೆ ಪುರುಸೊತ್ತಿರುವುದಿಲ್ಲ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲು ಹಿಡಿಯುತ್ತವೆ. ಅವುಗಳ ನಡುವೆ ನುಸುಳಿಕೊಂಡು ಕಾಯಿಪಲ್ಲೆ, ಹಿಂಡಿ, ಗೊಬ್ಬರ ಹೇರಿದ ಪಿಕಪ್‌ಗಳು ಕುಡಚಿ, ಶೇಡಬಾಳ, ಮಿರಜ ಅಂತ ಓಡಾಡುತ್ತಿರುತ್ತವೆ. ನಮ್ಮ ಮನೆಯ ಹಳೆಯ ಡೀಸೆಲ್ ಪಿಕಪ್ ಕೈಕೊಟ್ಟದ್ದೂ ಇಂಥದೇ ಹಂಗಾಮಿನಲ್ಲಿ.

ಖಾಲಿ ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ನಿಂತಲ್ಲಿ ಎಂಜಿನ್ ಸದ್ದೂ ಸರಿಯಾಗಿತ್ತು. ಲೋಡ್ ಹೇರಿಕೊಂಡು ಏರು ಹತ್ತುವಾಗ ಮಾತ್ರ ಆಕ್ಸಿಲರೇಟರ್ ಒತ್ತಿದಷ್ಟೂ ಮುಗ್ಗರಿಸುತ್ತಿತ್ತು. ಕಾಲು ತೆಗೆದರೆ ಮತ್ತೆ ಸರಿ. ‘ಮಿಸ್ಸಿಂಗ್ ಹೊಡಿಯಾಕತ್ತೈತಿ’ ಎಂದು ನೋಡಿದವರೆಲ್ಲ ಹೇಳಿದರು. ಯಾಕೆ ಅನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು.

ಮೊದಲ ಅನುಮಾನ ಡೀಸೆಲ್ ಫಿಲ್ಟರ್ ಮೇಲೆ. ಬದಲಿಸಿದೆವು. ಡೀಸೆಲ್‌ನಲ್ಲಿ ನೀರು ಸೇರಿರಬೇಕೆಂದು ಫಿಲ್ಟರಿನ ಕೆಳಗಿನ ಬೋಲ್ಟ್ ಸಡಿಲಿಸಿ ಬಾಟಲಿಗೆ ಹಿಡಿದು ನೋಡಿದೆವು, ನೀರಿರಲಿಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಕರಿ ಹೊಗೆ ಬರಬೇಕು, ಅದೂ ಇರಲಿಲ್ಲ. ಕೊನೆಗೆ ಉಳಿದದ್ದು ಪಂಪು ಮತ್ತು ನಾಜಲ್. ಪಂಪ್ ಇಳಿಸಿ ಕ್ಯಾಲಿಬ್ರೇಷನ್‌ಗೆ ಕೊಡಿ ಎಂಬ ಸಲಹೆ ಬಂತು. ಹಂಗಾಮಿನ ಹೊತ್ತಲ್ಲಿ ಗಾಡಿ ನಿಲ್ಲಿಸಿಕೊಂಡು, ಮೇಲೆ ದೊಡ್ಡ ಬಿಲ್ಲು ಕಟ್ಟುವ ಮಾತು ಅದು.

ಪಂಪಿಗೆ ಕೈ ಹಚ್ಚುವ ಮುಂಚೆ ಹಿರಿಯ ಮಿಸ್ತ್ರಿಯೊಬ್ಬರಿಗೆ ತೋರಿಸಿದೆವು. ಅವರು ಪಾನಾ ಮುಟ್ಟಲಿಲ್ಲ. ಗಾಡಿ ಓಡಿಸುವ ನನ್ನ ತಮ್ಮನನ್ನು ಕರೆದು ಕೇಳಿದರು:

“ಟಾಕಿ ತುಂಬಿದ್ದಾಗ ಮಿಸ್ಸಿಂಗ್ ಹೊಡಿತೈತೋ, ಅರ್ಧಕ್ಕ ಇಳದ ಮ್ಯಾಲೋ?”

“ಎಣ್ಣಿ ಹಾಕಿಸಿದ ದಿವಸ ಛಲೋ ಓಡತೈತ್ರಿ ಕಾಕಾ. ಆಮ್ಯಾಲೇ ಶುರು.”

“ಮುಂಜಾನೆ ಫಿಲ್ಟರ್ ಮ್ಯಾಲಿನ ಹ್ಯಾಂಡ್ ಪಂಪ್ ಒತ್ತಿದ್ರ ಬಿರುಸು ಇರ್ತೈತೋ, ಮೆತ್ತಗೋ?”

“ಮೆತ್ತಗ್ರಿ. ಭಾಳ ಸಲ ಒತ್ತಿದ ಮ್ಯಾಲೇ ಚಾಲೂ ಆಗೂದ್ರಿ.”

“ಹಂಗಾರ ಪಂಪ್ ಬಿಚ್ಚಬ್ಯಾಡ ತಮ್ಮಾ. ಎಲ್ಲೋ ಏರ್ ತಗೊಳ್ಳಾಕತ್ತೈತಿ.”

ಮಾತು ನಂಬುವುದು ಕಷ್ಟವಾಯಿತು. ಗಾಡಿಯ ಕೆಳಗೆ ಒಂದು ಹನಿ ಡೀಸೆಲ್ ಬಿದ್ದಿರಲಿಲ್ಲ. ಸೋರದ ಪೈಪಿನೊಳಗೆ ಗಾಳಿ ಹೊಗುವುದು ಹೇಗೆ?

ಮಿಸ್ತ್ರಿ ವಾದಕ್ಕೆ ನಿಲ್ಲಲಿಲ್ಲ, ಪರೀಕ್ಷೆಗಿಳಿದರು. ಒಂದು ಕ್ಯಾನಿಗೆ ಚೊಕ್ಕ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಅಲ್ಲಿಂದ ನೇರ ಫಿಲ್ಟರಿಗೆ ಪೈಪ್ ಕೊಟ್ಟರು. ಗಾಡಿಯ ಟಾಕಿ, ಹಳೆಯ ಪೈಪು ಎರಡನ್ನೂ ಆಟದಿಂದ ಹೊರಗಿಟ್ಟ ಹಾಗಾಯಿತು. ಅದೇ ಲೋಡಿನಲ್ಲಿ ಅದೇ ಏರನ್ನು ಗಾಡಿ ಒಮ್ಮೆಯೂ ತಡವರಿಸದೆ ಹತ್ತಿತು. ಪಂಪು, ನಾಜಲ್ ನಿರಪರಾಧಿಗಳೆಂದು ಅಲ್ಲಿಗೆ ತೀರ್ಮಾನವಾಯಿತು.

ಮುಂದೆ ಹಳೆಯ ಪೈಪನ್ನೇ ಮತ್ತೆ ಜೋಡಿಸಿ, ಫಿಲ್ಟರಿಗೆ ಸೇರುವ ಕಡೆ ಗೇಣುದ್ದದ ಪಾರದರ್ಶಕ ನಳಿಗೆ ಹಾಕಿದರು. ಎಂಜಿನ್ ನಿಧಾನವಾಗಿ ತಿರುಗುವಾಗ ಅದರಲ್ಲಿ ಹಳದಿ ಡೀಸೆಲ್ ಮಾತ್ರ ಕಂಡಿತು. ರೇಸ್ ಮಾಡಿದ್ದೇ ತಡ, ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬಂದವು. ಅಲ್ಲಿಂದ ಹಿಂದಕ್ಕೆ ಪೈಪ್ ಹಿಡಿದು ಹೋದರೆ, ಟಾಕಿಯ ನೆತ್ತಿಯ ಮೇಲೆ, ಕ್ಲಿಪ್ಪಿನ ಅಡಿಯಲ್ಲಿ, ಬಿರುಸಾದ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕು ಸಿಕ್ಕಿತು. ಬಗ್ಗಿಸಿದಾಗ ಮಾತ್ರ ಕಾಣುತ್ತಿತ್ತು.

ಅದು ಸೋರದಿದ್ದದ್ದಕ್ಕೆ ಕಾರಣವಿದೆ. ಟಾಕಿಯಿಂದ ಫೀಡ್ ಪಂಪಿನವರೆಗೆ ಡೀಸೆಲ್ ಒತ್ತಡದಿಂದ ಬರುವುದಿಲ್ಲ, ಹೀರಿಕೆಯಿಂದ ಬರುತ್ತದೆ. ಆ ದಾರಿಯಲ್ಲಿ ತೂತಾದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಟಾಕಿ ಖಾಲಿಯಾದಷ್ಟೂ ಆಳದಿಂದ ಎಳೆಯಬೇಕು. ಲೋಡ್ ಇದ್ದಷ್ಟೂ ಹೆಚ್ಚು ಎಳೆಯಬೇಕು. ಎರಡೂ ಕೂಡಿದಾಗ ಹೀರಿಕೆ ಬಲವಾಗಿ ಬಿರುಕು ಬಾಯಿ ಬಿಡುತ್ತದೆ. ರಾತ್ರಿ ನಿಂತ ಗಾಡಿಯಲ್ಲಿ ಡೀಸೆಲ್ ಟಾಕಿಗೇ ವಾಪಸು ಇಳಿಯುತ್ತದೆ. ಮುಂಜಾನೆ ಹ್ಯಾಂಡ್ ಪಂಪ್ ಮೆತ್ತಗಾಗುವುದು ಅದಕ್ಕೇ.

ಅಷ್ಟು ಸಣ್ಣ ಗುಳ್ಳೆ ಅಷ್ಟು ದೊಡ್ಡ ಎಂಜಿನ್ ಮುಗ್ಗರಿಸುವಂತೆ ಮಾಡುವುದೂ ಸುಮ್ಮನಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಇಂಧನವನ್ನು ಸಿಲಿಂಡರಿನೊಳಕ್ಕೆ ಊದುತ್ತಿದ್ದದ್ದೇ ಒತ್ತಿದ ಗಾಳಿ. ಅದಕ್ಕೆ ಬೇಕಾದ ಕಂಪ್ರೆಸರ್ ಲಾರಿಗೆ ತೀರಾ ಭಾರ. 1927ರಲ್ಲಿ ಬಾಷ್ ಕಂಪನಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ ಪಂಪು ಗಾಳಿಯ ಹಂಗಿಲ್ಲದೆ ಬರೀ ಡೀಸೆಲ್ಲನ್ನೇ ಒತ್ತಿ ಚಿಮ್ಮಿಸಿತು. ಬೆಂಗಳೂರಿನ ಮೈಕೋ ಕಾರ್ಖಾನೆಯಿಂದ ನಮ್ಮ ದೇಶದ ಗಾಡಿಗಳಿಗೆ ಬಂದದ್ದೂ ಈ ಜಾತಿಯ ಪಂಪೇ. ಲಾರಿ ಟೈರಿನ ಗಾಳಿ ಏಳೆಂಟು ಬಾರ್ ಇದ್ದರೆ, ಇಲ್ಲಿ ನಾಜಲ್ ಬಾಯಿ ತೆರೆಯಲು ನೂರಕ್ಕೂ ಹೆಚ್ಚು ಬಾರ್ ಬೇಕು. ಡೀಸೆಲ್ ಅಷ್ಟಾಗಿ ಕುಗ್ಗುವುದಿಲ್ಲ, ಆದ್ದರಿಂದ ಪಂಪಿನ ಒತ್ತು ನೇರ ನಾಜಲ್‌ಗೆ ತಲುಪುತ್ತದೆ. ನಡುವೆ ಗುಳ್ಳೆ ಸಿಕ್ಕರೆ ಅದು ಕುಗ್ಗಿ ಆ ಒತ್ತನ್ನು ತಿಂದುಹಾಕುತ್ತದೆ. ನಾಜಲ್ ಸರಿಯಾಗಿ ತೆರೆಯುವುದಿಲ್ಲ, ಆ ಸಿಲಿಂಡರ್ ಒಂದು ಪಾಳಿ ಸುಮ್ಮನಿರುತ್ತದೆ. ಒಂದು ಕಾಲಕ್ಕೆ ಎಂಜಿನ್ನಿನ ಆಸರೆಯಾಗಿದ್ದ ಗಾಳಿ ಹೀಗೆ ಅದರ ವೈರಿಯಾಯಿತು.

ಡೀಸೆಲ್‌ಗೆಂದೇ ಮಾಡಿದ ಹೊಸ ಪೈಪ್ ತುಂಡು, ಎರಡು ಕ್ಲಿಪ್: ರಿಪೇರಿ ಇಷ್ಟೇ. ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡವರು ಲೋಡಿನಲ್ಲಿ ಮುಗ್ಗರಿಸಿದೊಡನೆ ಪಂಪ್ ಬಿಚ್ಚಿಸಬೇಡಿ. ಮೊದಲು ಫಿಲ್ಟರ್, ನೀರು ನೋಡಿ. ಟಾಕಿಯ ಮಟ್ಟಕ್ಕೂ ಮಿಸ್ಸಿಂಗಿಗೂ ನಂಟಿದೆಯೇ ಗಮನಿಸಿ. ಆಮೇಲೆ ಮಿಸ್ತ್ರಿಯಿಂದ ಕ್ಯಾನ್ ಕಟ್ಟಿಸಿ ನೋಡಿ. ಅಷ್ಟಾದ ಮೇಲೂ ಮುಗ್ಗರಿಸಿದರೆ ಪಂಪಿನ ಮಾತು.