ಹಸುಗೂಸಿನ ಹಲ್ಲು ಮತ್ತು ಕೊಳವೆಬಾವಿಯ ನೀರು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಳ್ಳಿಗಳಲ್ಲಿ ಎಂಟು ಹತ್ತು ವರ್ಷದ ಮಕ್ಕಳ ಮುಂಬದಿಯ ಹಲ್ಲುಗಳ ಮೇಲೆ ಸುಣ್ಣದಂತಹ ಮಚ್ಚೆಗಳನ್ನೋ ಕಂದು ಗೆರೆಗಳನ್ನೋ ಕಾಣುವುದು ಅಪರೂಪವಲ್ಲ. ಸರಿಯಾಗಿ ಉಜ್ಜುವುದಿಲ್ಲವೆಂದು ಹೆತ್ತವರು ಮಗುವನ್ನೇ ಗದರುತ್ತಾರೆ. ಎಷ್ಟು ಉಜ್ಜಿದರೂ ಆ ಕಲೆ ಹೋಗದು. ಬಹುಪಾಲು ಅದು ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿದ್ದಾಗ ದೇಹ ಸೇರಿದ ಫ್ಲೋರೈಡಿನ ಗುರುತು.

ಏಳನೆಯ ವರ್ಷದ ಸುಮಾರಿಗೆ ಹೊರಬರುವ ಶಾಶ್ವತ ಹಲ್ಲಿನ ಹೊರಕವಚವು ಮಗುವಿಗೆ ಮೂರು ನಾಲ್ಕು ತಿಂಗಳಾದಾಗಲೇ ಕಟ್ಟಲಾರಂಭಿಸುತ್ತದೆ. ಮೊದಲ ಮೂರು ವರ್ಷಗಳು ಅದಕ್ಕೆ ಅತಿ ಸೂಕ್ಷ್ಮ ಕಾಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರಿಲ್ಲದ ಕಡೆ 1.5ರವರೆಗೆ ಸಹಿಸಬಹುದು. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳು ಈ ಮಿತಿಯನ್ನು ದಾಟಿವೆ.

ತಾಯಿಯು ಇಂತಹ ನೀರನ್ನೇ ಕುಡಿಯುತ್ತಿದ್ದರೂ ಎದೆಹಾಲಿಗೆ ಫ್ಲೋರೈಡ್ ಇಳಿಯುವುದು ಅತ್ಯಲ್ಪ. ಆರು ತಿಂಗಳು ಕೇವಲ ಎದೆಹಾಲು ಕೊಡಬೇಕೆನ್ನಲು ನಮ್ಮ ಕಡೆ ಇದೊಂದು ಹೆಚ್ಚಿನ ಕಾರಣ. ತೊಡಕು ಆರಂಭವಾಗುವುದು ಅನಂತರ. ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನು ದೊಡ್ಡವರ ಲೋಟಕ್ಕೆ ಮೀಸಲು. ಕೂಸಿನ ರಾಗಿ ಸರಿ ಬೇಯುವುದು, ಹಾಲಿಗೆ ಬೆರೆಯುವುದು ನಲ್ಲಿಯ ನೀರು! ರಾಗಿಯನ್ನು ಬಿಡಬೇಕಾಗಿಲ್ಲ, ನೀರನ್ನು ಬದಲಿಸಬೇಕು. ಕುದಿಸಿದರೆ ಕ್ರಿಮಿಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ತಾಮ್ರದ ಬಿಂದಿಗೆಯಿಂದಲೂ ಈ ಕೆಲಸವಾಗದು ಎಂಬುದನ್ನು ಆಯುರ್ವೇದ ವೈದ್ಯನಾಗಿಯೇ ಹೇಳುತ್ತಿದ್ದೇನೆ. ಘಟಕದ ಶೋಧಕಗಳನ್ನು ಕಾಲಕಾಲಕ್ಕೆ ಬದಲಿಸಿದ್ದಾರೆಯೇ, ನೀರಿನ ಪರೀಕ್ಷೆಯಾಗಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿರಿ.

ಹಾಲುಹಲ್ಲು ಹೇಗೂ ಬೀಳುವುದಲ್ಲ ಎಂಬ ಉದಾಸೀನವೂ ಸಲ್ಲದು. ಕಾಶ್ಯಪ ಸಂಹಿತೆಯಲ್ಲಿ ಹಲ್ಲು ಮೂಡುವುದರ ಕುರಿತೇ ಒಂದು ಅಧ್ಯಾಯವಿದೆ. ಹಲ್ಲು ಬರುವ ಕಾಲದ ಸಣ್ಣಪುಟ್ಟ ಉಪದ್ರವಗಳು ತಾವಾಗಿಯೇ ಶಮನವಾಗುವುದರಿಂದ ಮಗುವನ್ನು ಹೆಚ್ಚು ಕಟ್ಟುಪಾಡಿಗೆ ಒಳಪಡಿಸಬಾರದೆಂದು ವಾಗ್ಭಟನ ಮತ. ಹಾಗೆಂದು ಜೋರು ಜ್ವರವನ್ನೂ ಬಿಡದ ಭೇದಿಯನ್ನೂ ಹಲ್ಲಿನ ಲೆಕ್ಕಕ್ಕೆ ಬರೆದು ಕುಳಿತಿರಬಾರದು.

ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸಿದರೆ ಮೇಲಿನ ಮುಂಬಲ್ಲುಗಳು ಬೇಗ ಹುಳುಕಾಗುತ್ತವೆ. ಈ ಹುಳುಕು ಬೇರೆ, ಫ್ಲೋರೈಡಿನ ಕಲೆ ಬೇರೆ. ದಂತವೈದ್ಯರು ನೋಡಿ ಹೇಳಬಲ್ಲರು. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸುವುದು ಬೇಡ. ಮೊದಲ ಹಲ್ಲು ಕಂಡಂದಿನಿಂದ ರಾತ್ರಿ ಒದ್ದೆ ಬಟ್ಟೆಯಿಂದ ಒರೆಸಿರಿ. ತರಿತರಿಯಾದ ಹಲ್ಲುಪುಡಿ ಎಳೆಯ ವಸಡಿಗೆ ಸಲ್ಲದು. ಫ್ಲೋರೈಡ್ ಪೇಸ್ಟು ಹುಳುಕನ್ನು ತಡೆಯುತ್ತದೆ, ನಿಜ. ಆದರೆ ಉಗುಳಲು ಬಾರದ ಮಗು ಅದನ್ನು ನುಂಗುತ್ತದೆ. ಆದ್ದರಿಂದ ನಿಮ್ಮ ಊರಿನ ನೀರಿನ ಫ್ಲೋರೈಡ್ ಪ್ರಮಾಣವನ್ನು ದಂತವೈದ್ಯರಿಗೆ ತಿಳಿಸಿ, ಬಳಸಬೇಕೋ ಬೇಡವೋ ಕೇಳಿಕೊಳ್ಳಿರಿ. ಬಳಸುವುದಾದರೂ ಮೂರು ವರ್ಷದವರೆಗೆ ಒಂದು ಅಕ್ಕಿಕಾಳಿನಷ್ಟು ಸಾಕು.