ಹಳೆಯ ಜಾವಾದ ಕಾರ್ಬುರೇಟರೂ ಬೇರಿಂಗೂ

ಮೈಸೂರಿನಲ್ಲಿ 1961ರಲ್ಲಿ ಕೆಲಸವಾರಂಭಿಸಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರು ಸೈಕಲ್ಲುಗಳನ್ನು ಇಂದಿಗೂ ಹಿರಿಯರ ಆಸ್ತಿಯಂತೆ ಕಾಪಾಡಿಕೊಂಡು ಬಂದಿರುವ ಮನೆಗಳು ನಮ್ಮ ನಾಡಿನಲ್ಲಿ ಹಲವಿವೆ. ಅಂತಹ ಗೃಹಸ್ಥರಲ್ಲಿ ನಮ್ಮದೊಂದು ಅರಿಕೆ.

ಸವೆದ ಕಾರ್ಬುರೇಟರನ್ನು ತೆಗೆದು ಬೇರೊಂದನ್ನು ಜೋಡಿಸುವುದರಲ್ಲಿ ದೋಷವಿಲ್ಲ. ಆದರೆ ಪೆಟ್ರೋಲು ಉಳಿಯಲೆಂದು ಅದರಲ್ಲಿ ಅತಿ ಸಣ್ಣ ರಂಧ್ರದ ಜೆಟ್ಟನ್ನು ಹಾಕಿಸುವುದು ಅನರ್ಥಕ್ಕೆ ಮೂಲ. ಜಾವಾದ್ದು ಟೂ-ಸ್ಟ್ರೋಕ್ ಯಂತ್ರ; ಕನೆಕ್ಟಿಂಗ್ ರಾಡಿನ ಬುಡದಲ್ಲಿರುವ ಬೇರಿಂಗಿಗೆ ಪ್ರತ್ಯೇಕವಾಗಿ ಎಣ್ಣೆ ಒದಗುವ ಏರ್ಪಾಡಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಕಾರ್ಬುರೇಟರನ್ನು ಹಾಯ್ದು ಹೋಗಿ ಅದನ್ನು ನೆನೆಸಬೇಕು. ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆ, ಶಾಖವೋ ಹೆಚ್ಚು. ನಾವೇ ಈ ಬಗೆಯ ಉಳಿತಾಯಕ್ಕೆ ಕೈಹಾಕಿ, ಒಂದು ಬೇಸಗೆ ಕಳೆಯುವುದರೊಳಗೆ ಯಂತ್ರದ ಬುಡದಿಂದ ಕಟಕಟ ಸದ್ದು ಕೇಳಿದೆವು. ಒತ್ತಿ ಕೂಡಿಸಿದ ಕ್ರ್ಯಾಂಕನ್ನು ಬಿಡಿಸಿ, ಬೇರಿಂಗು ಬದಲಿಸಿ, ಮತ್ತೆ ನೇರಮಾಡಿಸಲು ತೆತ್ತ ಹಣವು ಉಳಿಸಿದ ಪೆಟ್ರೋಲಿನ ಬೆಲೆಯನ್ನು ಎಷ್ಟೋ ಪಾಲು ಮೀರಿತು.

ಇದಕ್ಕೆ ಮತ್ತೊಂದು ಮುಖವೂ ಉಂಟು. ಕ್ರ್ಯಾಂಕಿನ ಎರಡು ಪಕ್ಕದ ಬೇರಿಂಗುಗಳು ಸವೆದರೆ ದಂಡವು ಅಲುಗಿ ಸೀಲು ಕೆಡುತ್ತದೆ. ಅಲ್ಲಿಂದ ಗಾಳಿ ಒಳನುಗ್ಗುವುದರಿಂದ ಕಾರ್ಬುರೇಟರನ್ನು ಎಷ್ಟು ತಿದ್ದಿದರೂ ಫಲವಿಲ್ಲ. ಆದುದರಿಂದ ಮೊದಲು ಬೇರಿಂಗು, ಸೀಲು, ಅನಂತರ ಕಾರ್ಬುರೇಟರು. ಈ ಬೇರಿಂಗುಗಳನ್ನು ಕೊಳ್ಳುವಾಗ, ಶಾಖಕ್ಕೆ ಹಿಗ್ಗಲು ಎಡೆಯಿರುವ ಸಿ-3 ತರಗತಿಯವನ್ನೇ ಕೇಳತಕ್ಕದ್ದು. ಜೆಟ್ಟು ಬದಲಿಸಿ ಕೆಲವು ಮೈಲಿ ಓಡಿಸಿದ ಮೇಲೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಿರಿ: ತುದಿಯು ತಿಳಿಗಂದು ಬಣ್ಣಕ್ಕಿದ್ದರೆ ಸರಿ, ಬೆಳ್ಳಗಿದ್ದರೆ ಜೆಟ್ಟು ಸಣ್ಣದಾಯಿತೆಂದು ತಿಳಿಯಿರಿ.

ಎಣ್ಣೆ ಉಳಿಸಹೋಗಿ ಬತ್ತಿಯನ್ನೇ ಸುಟ್ಟುಕೊಂಡಂತೆ ಆಗದಿರಲಿ.