ಇಲ್ಲಿ ಕಾರ್ಡ್ ನಡಿತೈತೇನ್ರಿ?

ಬೆಳಗಿನ ಹತ್ತರ ಹೊತ್ತಿಗೆ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಔಷಧಿ ಅಂಗಡಿಗಳ ಶಟರ್ ಮೇಲೇರಿ, ದವಾಖಾನೆಗಳ ಮುಂದೆ ಆಟೋಗಳು ಕಿಕ್ಕಿರಿಯುತ್ತವೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಶಿಗ್ಗಾವಿ ಕಡೆಯ ಜನ ಬಂದಿಳಿಯುತ್ತಾರೆ. ಇವರಲ್ಲಿ ಎಲುಬಿನ ಡಾಕ್ಟರನ್ನು ಹುಡುಕಿ ಬಂದವರು ಯಾರೆಂದು ಕೇಳಬೇಕಾಗಿಲ್ಲ. ಕಂಕುಳಲ್ಲಿ ಎಕ್ಸ್‌ರೇ ಫಿಲ್ಮಿನ ದೊಡ್ಡ ಲಕೋಟೆ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಚೀಲದೊಳಗೆ ರೇಷನ್ ಕಾರ್ಡು, ಆಧಾರ್, ಅವುಗಳ ಝೆರಾಕ್ಸ್, ತಾಲ್ಲೂಕು ಆಸ್ಪತ್ರೆಯವರು ಬರೆದುಕೊಟ್ಟ ರೆಫರಲ್ ಚೀಟಿ.

ಆಟೋದ ಹಿಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಒರಗಿದ್ದಾಳೆ. ಬಚ್ಚಲಲ್ಲಿ ಜಾರಿ ಬಿದ್ದವಳು. ತೊಡೆಯ ಎಲುಬು ಸೊಂಟಕ್ಕೆ ಕೂಡುವಲ್ಲಿ ಮುರಿದಿದೆ. ಸೊಸೆ ಅವಳ ತಲೆಯನ್ನು ಎದೆಗೆ ಆನಿಸಿಕೊಂಡು ಕೂತಿದ್ದಾಳೆ. ಮಗ ಒಳಗೆ ಹೋಗಿ ಕೌಂಟರಿನ ಮುಂದೆ ನಿಂತು ಕೇಳುತ್ತಾನೆ: “ಆಯುಷ್ಮಾನ್ ಕಾರ್ಡ್ ನಡಿತೈತೇನ್ರಿ ಇಲ್ಲಿ?”

“ಹಾರ್ಟಿಗೆ ನಡಿತೈತ್ರಿ ಅಣ್ಣಾರ. ಎಲುಬಿಗೆ ಇಲ್ಲ.”

ಹೊರಗೆ ಗೋಡೆಯ ಮೇಲೆ ಯೋಜನೆಯ ಫಲಕ ಇದೆ. ಅದನ್ನು ನೋಡಿಯೇ ಅವನು ಆಟೋ ನಿಲ್ಲಿಸಿದ್ದು. ಆಸ್ಪತ್ರೆ ನೋಂದಣಿಯಾಗುವುದು ಒಂದೊಂದು ವಿಭಾಗಕ್ಕೆ ಎಂಬುದು ಆ ಫಲಕದಿಂದ ತಿಳಿಯುವುದಿಲ್ಲ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಸರ್ಕಾರ ಒಪ್ಪಂದ ಮಾಡಿಕೊಳ್ಳುವುದು ಆಸ್ಪತ್ರೆಯ ಜೊತೆ. ಜನ ನಂಬಿ ಬರುವುದು ಡಾಕ್ಟರನ್ನು. ಊರಿನಲ್ಲಿ ಯಾರದೋ ಕಾಲು ನೆಟ್ಟಗೆ ಮಾಡಿ ಕಳಿಸಿದ ಡಾಕ್ಟರ ಹೆಸರು ಹಿಡಿದುಕೊಂಡು ಬರುತ್ತಾರೆ. ಆ ಡಾಕ್ಟರು ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ, ಸಂಜೆ ಸ್ವಂತ ಕ್ಲಿನಿಕ್ಕಿನಲ್ಲಿ ಕೂರುವವರಾದರೆ, ಅದೇ ಕೈಯ ಅದೇ ಆಪರೇಷನ್ನಿಗೆ ಒಂದು ಕಟ್ಟಡದಲ್ಲಿ ಕಾರ್ಡು ನಡೆಯುತ್ತದೆ, ಪಕ್ಕದ ಓಣಿಯ ಕಟ್ಟಡದಲ್ಲಿ ನಡೆಯುವುದಿಲ್ಲ. ಇದನ್ನು ಹಳ್ಳಿಯವರಿಗೆ ಮೊದಲೇ ಹೇಳುವವರು ಯಾರು?

ಯೋಜನೆ ಸಣ್ಣದೇನಲ್ಲ. 2018ರ ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕ ಶುರುವಾಯಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ ಅದರೊಡನೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ. ಉಳಿದವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ಹೆಚ್ಚೆಂದರೆ 1.5 ಲಕ್ಷ. ಎಷ್ಟೋ ಮನೆಗಳ ಹೊಲ ಅಡವು ಬೀಳದಂತೆ ಇದು ಕಾಪಾಡಿದೆ. ಆ ಋಣವನ್ನು ನೆನೆದೇ ಮುಂದಿನ ಮಾತು ಹೇಳುತ್ತಿದ್ದೇನೆ. ಹೊರರೋಗಿಯಾಗಿ ಅಲೆಯುವ ಖರ್ಚು ಇದರಲ್ಲಿ ಬರುವುದಿಲ್ಲ. ದವಾಖಾನೆಯಿಂದ ದವಾಖಾನೆಗೆ ಆಟೋ ಬಾಡಿಗೆ, ಪ್ರತಿ ಡಾಕ್ಟರ ಫೀ, ‘ಹಳೇ ಫಿಲ್ಮ್ ಸ್ವಚ್ಛ ಇಲ್ಲ’ ಎಂದು ಮತ್ತೆ ತೆಗೆಸುವ ಎಕ್ಸ್‌ರೇ ಎಲ್ಲವೂ ಕೈಯಿಂದಲೇ ಹೋಗುತ್ತದೆ.

ಎರಡನೆಯ ಆಸ್ಪತ್ರೆಯಲ್ಲಿ ಕೇಳುತ್ತಾರೆ: “ಯಾವ ಕಾರ್ಡ್? ಯಶಸ್ವಿನಿ ಏನು?” ಸಹಕಾರ ಸಂಘದ ಸದಸ್ಯರಿಗೆಂದು 2003ರಲ್ಲಿ ಬಂದ ಯಶಸ್ವಿನಿ ನಡುವೆ ನಿಂತುಹೋಗಿ ಮತ್ತೆ ಶುರುವಾಗಿದೆ; ಅದರ ಆಸ್ಪತ್ರೆಗಳ ಪಟ್ಟಿಯೇ ಬೇರೆ. ಮಗ ಚೀಲವನ್ನೆಲ್ಲ ಟೇಬಲ್ಲಿಗೆ ಸುರಿಯುತ್ತಾನೆ. ಹೊರಗೆ ಆಟೋ ಸ್ವಲ್ಪ ಅಲುಗಿದರೂ ಅಜ್ಜಿ “ಯವ್ವಾ” ಎನ್ನುತ್ತಾಳೆ.

ಮುರಿದ ಎಲುಬು ಕಾಗದಪತ್ರಕ್ಕಾಗಿ ಕಾಯುವುದಿಲ್ಲ. ವಯಸ್ಸಾದವರ ಸೊಂಟದ ಮುರಿತಕ್ಕೆ ಒಂದೆರಡು ದಿನದೊಳಗೆ ಆಪರೇಷನ್ ಆದರೆ ಒಳ್ಳೆಯದು. ಹಾಸಿಗೆಯಲ್ಲೇ ದಿನ ಕಳೆದಷ್ಟೂ ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ಮುರಿತದಿಂದ ಉಳಿದವರು ಇವುಗಳಿಂದ ಸಾಯುತ್ತಾರೆ. ನಾಟಿ ಪದ್ಧತಿಯಲ್ಲಿ ಎಲುಬು ಕಟ್ಟುವವರು ‘ಪುತ್ತೂರು ಕಟ್ಟು’ ಎಂದು ಬೋರ್ಡು ಹಾಕಿದ ಕಡೆಗಳಲ್ಲಿ ಜನ ಯಾಕೆ ತುಂಬಿರುತ್ತಾರೆ ಎಂದು ವೈದ್ಯರು ಬೇಸರಪಡುವುದುಂಟು. ಅಲ್ಲಿ ಕಾರ್ಡು ಕೇಳುವುದಿಲ್ಲ, ನಾಳೆ ಬಾ ಅನ್ನುವುದಿಲ್ಲ. ಹೋದ ಗಳಿಗೆಯಲ್ಲೇ ಕಾಲು ಮುಟ್ಟಿ ನೋಡುತ್ತಾರೆ. ಸೊಂಟದ ಮುರಿತ ಕಟ್ಟಿನಿಂದ ಕೂಡುವಂಥದ್ದಲ್ಲ. ಆದರೂ ಅಲ್ಲಿಗೆ ಹೋದವರನ್ನು ಮೂಢರೆನ್ನಲು ನನಗೆ ಬಾಯಿ ಬಾರದು.

ಮೂರನೆಯ ಆಸ್ಪತ್ರೆಯಲ್ಲಿ ಮೆಟ್ಟಿಲ ಪಕ್ಕ ಚಿಕ್ಕ ಟೇಬಲ್ಲು, ಕಂಪ್ಯೂಟರು, ಹಿಂದೆ ಯೋಜನೆಯ ಫ್ಲೆಕ್ಸು. ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರ ಕೂತಿದ್ದಾಳೆ. ಚೀಟಿ ಓದುತ್ತಾಳೆ, ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿಯುತ್ತಾಳೆ. “ಅಜ್ಜಿನ ಇಳಸಬ್ಯಾಡ್ರಿ ಅಣ್ಣಾ, ತಡೀರಿ.” ಮೇಲಿನ ವಾರ್ಡಿಗೆ ಫೋನು ಹಚ್ಚುತ್ತಾಳೆ. “ಆರ್ಥೋ ಸರ್ ಇವತ್ತು ಅದಾರೇನ್ರಿ? ಬಾಲ್ ಹಾಕೋ ಕೇಸ್ ಐತಿ, ತೊಗೋತಾರಂತೇನು? ಹೆಣ್ಮಕ್ಕಳ ವಾರ್ಡಿನ್ಯಾಗ ಬೆಡ್ ಖಾಲಿ ಐತೇನು?”

ಇಷ್ಟನ್ನು ಯಾರಾದರೂ ಮೊದಲೇ ಕೇಳಿದ್ದರೆ ಬೆಳಗಿನಿಂದ ಸುತ್ತಿದ ಸುತ್ತು ತಪ್ಪುತ್ತಿತ್ತು. ಯಾವ ಡಾಕ್ಟರು, ಯಾವ ಆಪರೇಷನ್ನು, ಇವತ್ತು ಜಾಗ ಇದೆಯೋ ಇಲ್ಲವೋ ಎಂಬುದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತೇ ತಿಳಿಯುವಂತಾಗಬೇಕು. ರೆಫರಲ್ ಚೀಟಿ ಬರೆಯುವವರೇ ಆ ಒಂದು ಫೋನು ಮಾಡಿ, ಆಸ್ಪತ್ರೆಯ ಹೆಸರಿನ ಕೆಳಗೆ ಡಾಕ್ಟರ ಹೆಸರನ್ನೂ ಬರೆದು ಕಳಿಸಬೇಕು. ಚೀಟಿಯ ಪದ್ಧತಿಯೇ ಬೇಡ ಎನ್ನುವವರ ಜೊತೆ ನಾನಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲೇ ಆಗುವ ಕೆಲಸಕ್ಕೆ ಖಾಸಗಿಯವರು ರೋಗಿಗಳನ್ನು ಎಳೆಯದಂತೆ ಅದು ತಡೆಯುತ್ತದೆ. ಆದರೆ ದಾರಿ ಹೇಳದ ಚೀಟಿ ಕೊಟ್ಟು ನೋವಿನವಳನ್ನು ಬೀದಿಗೆ ಕಳಿಸುವುದು ಸರಿಯಲ್ಲ.

ಫೋನಿನ ಆ ಕಡೆಯಿಂದ ಹೂಂ ಬಂತು. ವಾರ್ಡ್‌ಬಾಯ್ ಸ್ಟ್ರೆಚರ್ ತರುತ್ತಾನೆ; ನಾಲ್ಕು ಜನ ಸೀರೆಯ ಜೋಲಿ ಮಾಡಿ ಅಜ್ಜಿಯನ್ನು ಎತ್ತುತ್ತಾರೆ. ಆರೋಗ್ಯಮಿತ್ರ ಆಧಾರ್ ಹೊಂದಿಸಿ, ಎಕ್ಸ್‌ರೇಯ ಫೋಟೋ ಹಿಡಿದು ಅಪ್‌ಲೋಡ್ ಮಾಡುತ್ತಾಳೆ. ಯೋಜನೆ ನಡೆಸುವ ಬೆಂಗಳೂರಿನ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಿಂದ ಅಪ್ರೂವಲ್ ಬರಬೇಕು. “ಬಂದ್ರ ನಾಳಿಗೇ ಆಪರೇಷನ್ ಆಗತೈತಿ. ಡಿಸ್ಚಾರ್ಜ್ ಆದಮ್ಯಾಲ ಹದಿನೈದು ದಿನದ ಔಷಧಿನೂ ಪ್ಯಾಕೇಜಿನ್ಯಾಗ ಬರತೈತಿ, ರೊಕ್ಕ ಕೊಡಾಕ ಹೋಗಬ್ಯಾಡ್ರಿ.”

ಮಗ ಮೊಬೈಲ್ ತೆಗೆದು ಊರಿಗೆ ಫೋನು ಹಚ್ಚುತ್ತಾನೆ. ಎಮ್ಮೆ ಹಿಂಡಲು ಯಾರನ್ನಾದರೂ ಕರಿ ಎಂದು ತಮ್ಮನಿಗೆ ಹೇಳುತ್ತಾನೆ. ರಕ್ತ ಬೇಕಾಗಬಹುದು, ನೀನು ಸಂಜೆ ಬಸ್ಸಿಗೇ ಹೊರಡು ಎನ್ನುತ್ತಾನೆ.